ಬೀದಿಯ ಅಗಲ ಮತ್ತು ಬೀದಿಯ ಮಟ್ಟ: ಗೋಪಾಳದ ಬಡಾವಣೆಗಳ ನಿಮಿತ್ತ ಒಂದು ವಿಮರ್ಶೆ

ಹೊಸ ಬಡಾವಣೆಯೊಂದರ ಗುಣಾವಗುಣಗಳನ್ನು ವಿಚಾರಿಸುವಾಗ ನಮ್ಮಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ರಸ್ತೆ ಎಷ್ಟು ಅಡಿಯದು ಎಂಬುದು. ಮೂವತ್ತಡಿ, ನಲವತ್ತಡಿ ಎಂದು ಉತ್ತರ ಬಂದೊಡನೆ ಬೀದಿಯ ವಿಷಯ ಮುಗಿಯಿತೆಂದು ಕೊಳ್ಳುವವರೂ ಮಾರುವವರೂ ಭಾವಿಸುತ್ತಾರೆ. ನಕ್ಷೆಯನ್ನು ಪರಿಶೀಲಿಸುವವರ ದೃಷ್ಟಿಯೂ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಈ ಒಂದು ಅಳತೆಯಿಂದ ಬೀದಿಯ ಯೋಗ್ಯತೆಯನ್ನು ನಿರ್ಣಯಿಸಲಾಗದೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಿವಮೊಗ್ಗದ ಗೋಪಾಳ ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ಗ್ರಾಮದ ಹೆಸರನ್ನು ಉಳಿಸಿಕೊಂಡೇ ನಗರದೊಳಗೆ ಸೇರಿಹೋದ ಪ್ರದೇಶವಿದು. ಶಿವಮೊಗ್ಗದ ಅಂಚಿನ ಇಂಥ ಗ್ರಾಮಗಳಲ್ಲಿ ಸಾಗುವಳಿಯ ಭೂಮಿಯೇ ನಿವೇಶನಗಳಾಗಿ ಮಾರ್ಪಡುತ್ತ ಬಂದಿದೆ. ಗದ್ದೆಗೆ ತನ್ನದೇ ಆದ ಮಟ್ಟವಿರುತ್ತದೆ. ಮೇಲಿನ ಮಡಿಯ ನೀರು ಬದುವಿನ ಕಂಡಿಯಿಂದ ಕೆಳಗಿನ ಮಡಿಗೆ ಇಳಿಯುತ್ತದೆ. ಬಡಾವಣೆಗಾಗಿ ನೆಲವನ್ನು ಸಮಮಾಡಿದಾಗ ಬದುಗಳು ಅಳಿಯುತ್ತವೆ. ಮಳೆಯ ನೀರಿಗಾದರೋ ತಗ್ಗಿನತ್ತ ಹರಿಯದೆ ಗತ್ಯಂತರವಿಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಭಾಗಗಳು ಜಲಾವೃತವಾದುದು ನದಿಯ ಪ್ರವಾಹ. ಅದರ ಕಾರಣ ಬೇರೆ. ಆದರೆ ಸಾಧಾರಣ ಮಳೆಗೇ ಮನೆಯಂಗಳಕ್ಕೆ ನೀರು ನುಗ್ಗಿದರೆ ಅದು ನದಿಯ ದೋಷವಲ್ಲ, ಬೀದಿಯ ದೋಷ.

ಈ ದೋಷಕ್ಕೆ ಶಾಸನದ ಕೊರತೆ ಕಾರಣವೆನ್ನುವಂತಿಲ್ಲ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಅನ್ವಯಿಸುವ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮವು, ಖಾಸಗಿ ಬಡಾವಣೆಗೆ ಅನುಮತಿ ಕೋರುವವನು ಬೀದಿಯ ಮಟ್ಟ, ದಿಕ್ಕು, ಅಗಲ ಈ ಮೂರನ್ನೂ ತೋರಿಸಬೇಕೆಂದೂ, ನೆಲವನ್ನು ಸಮಮಾಡುವ, ಕಲ್ಲು ಹಾಸುವ, ನೀರು ಹರಿಸುವ, ದೀಪ ಹಾಕುವ ಏರ್ಪಾಟುಗಳನ್ನು ತಿಳಿಸಬೇಕೆಂದೂ ವಿಧಿಸುತ್ತದೆ. ಶಾಸನವು ಮಟ್ಟವನ್ನು ಮೊದಲು ಹೆಸರಿಸಿತು. ರೂಢಿಯು ಅಗಲವೊಂದನ್ನೇ ಹಿಡಿದುಕೊಂಡಿತು. ಅಗಲವು ಕಾಗದದ ಮೇಲೆ ಎಲ್ಲರಿಗೂ ಕಾಣುತ್ತದೆ. ಮಟ್ಟವನ್ನು ಅರಿಯಬೇಕಾದರೆ ಸ್ಥಳಕ್ಕೆ ಹೋಗಿ ಅಳೆಯಬೇಕು.

ಅಗಲವನ್ನೇ ಕುರಿತು ಸ್ವಲ್ಪ ಲೆಕ್ಕ ಹಾಕೋಣ. ಮೂವತ್ತಡಿಯೆಂದರೆ ಸುಮಾರು 9 ಮೀಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಸೂಚನೆಯಂತೆ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ 1.8 ಮೀಟರು ಇರಬೇಕು. ಎರಡು ಪಕ್ಕಕ್ಕೂ ಇದನ್ನು ಬಿಟ್ಟರೆ ವಾಹನಗಳಿಗೆ 5.4 ಮೀಟರು ಉಳಿಯುತ್ತದೆ. ನಿಂತ ಕಾರೊಂದರ ಪಕ್ಕದಲ್ಲಿ ಇನ್ನೊಂದು ಸಾವಧಾನವಾಗಿ ಸಾಗಲು ಇಷ್ಟು ಸಾಕು. ಚರಂಡಿಯನ್ನು ಕಾಲುದಾರಿಯ ಅಡಿಯಲ್ಲಿಯೇ ಒಯ್ಯಬಹುದು. ಹೀಗಿರಲು ಮೂವತ್ತಡಿಯ ಬೀದಿಯಲ್ಲಿ ಕಾಲುದಾರಿಗೆ ಸ್ಥಳವಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಆದರೂ ಹಲವು ಬೀದಿಗಳಲ್ಲಿ ಪ್ರತಿಯೊಂದು ಮನೆಯ ಗೇಟಿನ ಇಳಿಜಾರು ಚರಂಡಿಯನ್ನು ದಾಟಿ ಡಾಂಬರಿನವರೆಗೆ ಚಾಚಿರುತ್ತದೆ. ಆದಕಾರಣ ಶಾಲೆಗೆ ಹೊರಟ ಬಾಲಕನೂ ಊರುಗೋಲು ಹಿಡಿದ ವೃದ್ಧನೂ ವಾಹನಗಳ ನಡುವೆಯೇ ನಡೆಯಬೇಕಾಗುತ್ತದೆ.

ಇನ್ನು ಮಟ್ಟದ ಲೆಕ್ಕ. ಇನ್ನೂರಕ್ಕೆ ಒಂದರ ಇಳಿಜಾರನ್ನು ಇಟ್ಟುಕೊಂಡರೆ, ನೂರು ಮೀಟರು ಉದ್ದದ ಚರಂಡಿಯ ತಳ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಮೀಟರು ಇಳಿಯಬೇಕು. ಆ ಕೊನೆಯ ತುದಿ ಯಾವ ದೊಡ್ಡ ಕಾಲುವೆಯನ್ನು ಸೇರುತ್ತದೆ, ಆ ಕಾಲುವೆಯ ತಳ ಎಷ್ಟು ಆಳದಲ್ಲಿದೆ ಎಂಬುದನ್ನು ಮೊದಲು ತಿಳಿಯದೆ ತೋಡಿದ ಚರಂಡಿಯು ನೀರು ನಿಲ್ಲುವ ತೊಟ್ಟಿಯಾಗುತ್ತದೆ. ಅಲ್ಲದೆ, ಹಳೆಯ ಪದರವನ್ನು ಕೆರೆದು ತೆಗೆಯದೆ 30 ಮಿಲಿಮೀಟರು ದಪ್ಪದ ಡಾಂಬರನ್ನು ಐದು ಸಲ ಹಾಕಿದರೆ 150 ಮಿಲಿಮೀಟರಿನ ಅಂಚುಗಲ್ಲು ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ಅಲ್ಲಿಂದ ಮುಂದೆ ರಸ್ತೆಯ ನೀರು ಮನೆಗಳ ಕಡೆಗೆ ತಿರುಗುತ್ತದೆ. ಮನೆಯವರು ಅಂಗಳಕ್ಕೆ ಮಣ್ಣು ತುಂಬುತ್ತಾರೆ. ತುಂಬಲು ಶಕ್ತಿಯಿಲ್ಲದ ನೆರೆಯವರ ಮನೆಗೆ ಆ ನೀರು ಸೇರುತ್ತದೆ.

ನಮ್ಮ ನಾಡಿಗೆ ಈ ವಿವೇಕ ಹೊಸದಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ನೈರ್ಮಲ್ಯಕ್ಕೆಂದೇ ಓಣಿಗಳನ್ನು ಬಿಟ್ಟಿದ್ದರು. ಆ ಓಣಿಗಳನ್ನು ಇಂದು ಅನುಕರಿಸಬೇಕಾಗಿಲ್ಲ. ಆದರೆ ಬೀದಿಯನ್ನು ಆರೋಗ್ಯದ ಸಾಧನವೆಂದು ಕಂಡ ಆ ದೃಷ್ಟಿ ಈಗಲೂ ವಿಚಾರಾರ್ಹ.

ಇಷ್ಟೆಲ್ಲವನ್ನು ವಿಧಿಸಿದರೆ ನಿವೇಶನದ ಬೆಲೆ ಏರಿ ಬಡವರಿಗೆ ಕೈಗೆಟುಕದೆಂಬ ಆಕ್ಷೇಪವನ್ನು ಹಗುರವಾಗಿ ಎಣಿಸಬಾರದು. ಆದರೆ ಮಟ್ಟವನ್ನು ಮೊದಲೇ ನಿರ್ಣಯಿಸಲು ಬೇಕಾದುದು ಅಳತೆಯ ಶ್ರಮ ಮಾತ್ರ. ಅದನ್ನು ಆಮೇಲೆ ತಿದ್ದುವ ವೆಚ್ಚವಾದರೋ ನಿವಾಸಿಗಳ ಮೇಲೆಯೂ ನಗರಾಡಳಿತದ ಮೇಲೆಯೂ ಬೀಳುತ್ತದೆ. ತೀರ ಚಿಕ್ಕ ಬೀದಿಗಳಲ್ಲಿ ಪ್ರತ್ಯೇಕ ಕಾಲುದಾರಿಯೇ ಬೇಕೆಂಬ ಹಟವೂ ಅಗತ್ಯವಿಲ್ಲ. ಹಾಲೆಂಡಿನಲ್ಲಿ 1976ರಿಂದ ಕಾನೂನಿನ ಮನ್ನಣೆ ಪಡೆದ ವಸತಿಬೀದಿಗಳಲ್ಲಿ ವಾಹನವೇ ನಡೆಯುವವರ ವೇಗಕ್ಕೆ ತಗ್ಗಬೇಕು.

ಆದುದರಿಂದ ಅನುಮೋದನೆಯ ನಕ್ಷೆಯೊಡನೆ ಪ್ರತಿಯೊಂದು ಬೀದಿಯ ಅಡ್ಡಕೊಯ್ತದ ಚಿತ್ರವೂ ಮಟ್ಟದ ಅಂಕಿಗಳೂ ಇರಬೇಕು. ಬೀದಿಯನ್ನು ವಹಿಸಿಕೊಳ್ಳುವ ಮುನ್ನ ಒಂದು ಮಳೆಗಾಲ ಕಳೆದು ಆ ಅಂಕಿಗಳನ್ನು ಸ್ಥಳದಲ್ಲಿ ಪರೀಕ್ಷಿಸಬೇಕು. ಸಿವಿಲ್ ಎಂಜಿನಿಯರಿಂಗ್ ಮತ್ತು ಭೂಗೋಳಶಾಸ್ತ್ರದ ವಿದ್ಯಾರ್ಥಿಗಳು ತಾವು ವಾಸಿಸುವ ಬೀದಿಯೊಂದರ ಮಟ್ಟವನ್ನು ಅಳೆದು ದಾಖಲಿಸಿದರೆ, ಈ ಪರೀಕ್ಷೆಗೆ ಬೇಕಾದ ಆಧಾರವು ಇಲ್ಲಿಯೇ ಸಿದ್ಧವಾಗತೊಡಗುತ್ತದೆ.