ಕ್ಯಾನ್ ನೀರು, ಬೋರ್ ನೀರು ಮತ್ತು ಗೋಲ್ಡ್ ಫಿಶ್

ನೀರು ಬದಲಿಸಿದ ಮರುದಿನ ಮೀನು ಸತ್ತರೆ ನಮ್ಮ ಕಡೆ ಜನ ಹೊಸ ನೀರನ್ನು ಬೈಯುತ್ತಾರೆ. "ನಿನ್ನೆ ತನಕ ಚೆಂದ ಆಡಾಕತ್ತಿದ್ವು ಸರ, ನೀರು ಹಾಕಿದ ಮ್ಯಾಲೆ ಒಂದೊಂದ ತೇಲಾಕತ್ಯಾವ" ಎಂಬ ದೂರು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯಿಂದ ಬರುತ್ತದೆ, ಬೇಸಿಗೆಯಲ್ಲಂತೂ ಹೆಚ್ಚು. ದೂರು ಅರ್ಧ ಮಾತ್ರ ಸರಿ. ವಿಷದ ಸರಕು ಹಳೆಯ ನೀರಿನಲ್ಲೇ ಕೂಡಿತ್ತು. ಹೊಸ ನೀರು ಅದಕ್ಕೆ ಹಲ್ಲು ಮೂಡಿಸಿತು.

ಆ ಸರಕಿನ ಹೆಸರು ಅಮೋನಿಯಾ. ಮೀನು ಅದನ್ನು ಬಹುಪಾಲು ಕಿವಿರಿನ ಮೂಲಕವೇ ಹೊರಬಿಡುತ್ತದೆ; ಉಳಿದದ್ದು ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ, ಹಿಕ್ಕೆಯಿಂದ ಬರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಜಲ್ಲಿ ಕಳೆದರೆ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. 40 ಶೇಕಡಾ ಪ್ರೋಟೀನ್ ಇರುವ ಆಹಾರ ಒಂದು ಗ್ರಾಂ ಹಾಕಿದರೆ ಅದರಲ್ಲಿ 64 ಮಿಲಿಗ್ರಾಂ ಸಾರಜನಕ. ಅದರ ಅರ್ಧ ಅಮೋನಿಯಾ ಆದರೂ ದಿನಕ್ಕೆ ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಹೆಚ್ಚು. ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವ ಮನೆಗಳಲ್ಲಿ ಲೆಕ್ಕ ನೀವೇ ಮಾಡಿ.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪದಲ್ಲಿದ್ದರೆ ಮೀನಿಗೆ ಅಷ್ಟಾಗಿ ತೊಂದರೆಯಿಲ್ಲ. ಬಿಡಿ ಅಮೋನಿಯಾ ಆದರೆ ಕಿವಿರನ್ನೇ ಸುಡುತ್ತದೆ. ಎಷ್ಟು ಭಾಗ ಯಾವ ರೂಪ ಎಂಬುದನ್ನು ತೀರ್ಮಾನಿಸುವುದು ಪಿಎಚ್ ಮತ್ತು ಬಿಸಿ. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದಾಗ ವಿಷರೂಪದ ಪಾಲು ಶೇಕಡಾ 0.6ರಷ್ಟೂ ಇರುವುದಿಲ್ಲ. ಪಿಎಚ್ 8.5, ಉಷ್ಣತೆ 32 ಡಿಗ್ರಿ ಆಯಿತೆನ್ನಿ, ಅದೇ ಪಾಲು ಶೇಕಡಾ 22 ದಾಟುತ್ತದೆ. ಅಳತೆಯ ಕಿಟ್ ಎರಡೂ ಟ್ಯಾಂಕಿಗೆ ಒಂದೇ ಬಣ್ಣ ತೋರಿಸಬಹುದು, ಆದರೆ ವಿಷ ಸುಮಾರು 40 ಪಟ್ಟು ಹೆಚ್ಚು. ಮಲೆನಾಡಿನ ಮೆದು ನೀರಿನವರು ಬರೆದ ಸಲಹೆಯನ್ನು ರಾಯಚೂರು ಜಿಲ್ಲೆಯ ಮೇ ತಿಂಗಳಿಗೆ ಅನ್ವಯಿಸಬಾರದು ಎಂದು ನಾನು ಹಟ ಮಾಡುವುದು ಇದಕ್ಕೇ.

ಈಗ ಕ್ಯಾನಿನ ಕತೆ. ನಮ್ಮ ಕಡೆ ಬೋರಿನ ನೀರು ಗಡಸು, ಎಷ್ಟೋ ಊರಲ್ಲಿ ಫ್ಲೋರೈಡ್ ಬೇರೆ. ಹಾಗಾಗಿ ಶುದ್ಧ ನೀರಿನ (ಆರ್‌ಓ) ಘಟಕದ 20 ಲೀಟರ್ ಕ್ಯಾನ್ ಮನೆಮನೆಗೂ ಬಂದಿದೆ. ನಮಗೆ ಒಳ್ಳೆಯದಾದದ್ದು ಮೀನಿಗೂ ಒಳ್ಳೆಯದೇ ಎಂದು ಪ್ರೀತಿಯಿಂದ ಟ್ಯಾಂಕಿಗೂ ಅದನ್ನೇ ಸುರಿಯುತ್ತಾರೆ. ಆರ್‌ಓ ನೀರಿನಲ್ಲಿ ಕ್ಷಾರದ ಅಂಶ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಮೀನನ್ನು ಕಾಯುವ ಬ್ಯಾಕ್ಟೀರಿಯಾಗಳಿಗೆ ಅದೇ ಕ್ಷಾರ ಬೇಕು: ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಏಳು ಮಿಲಿಗ್ರಾಂನಷ್ಟು ಖರ್ಚು. ದಾಸ್ತಾನು ಮುಗಿದಂತೆ ನೀರು ಹುಳಿಯಾಗುತ್ತದೆ, ಪಿಎಚ್ 6ರ ಹತ್ತಿರ ಇಳಿದರೆ ಆ ಜೀವಿಗಳ ಕೆಲಸ ಬಹುತೇಕ ನಿಂತೇ ಹೋಗುತ್ತದೆ. ಅಮೋನಿಯಾ ಕೂಡುತ್ತಲೇ ಇರುತ್ತದೆ. ಹುಳಿ ನೀರಲ್ಲಿ ಅದು ಅಮೋನಿಯಂ ಆಗಿ ತೆಪ್ಪಗಿರುವುದರಿಂದ ಮೀನು ಆಡಿಕೊಂಡೇ ಇರುತ್ತದೆ. ಒಂದು ದಿನ ಘಟಕ ಕೆಟ್ಟು, ಮಗ ಎರಡು ಕೊಡ ಬೋರಿನ ನೀರು ತಂದು ಸುರಿದಾಗ ಪಿಎಚ್ ದಿಢೀರನೆ ಏರುತ್ತದೆ. ತಿಂಗಳುಗಟ್ಟಲೆ ಕೂಡಿದ್ದು ಒಂದು ಗಂಟೆಯೊಳಗೆ ವಿಷವಾಗುತ್ತದೆ.

ಹಾಗಾದರೆ ಬೋರಿನ ನೀರೇ ಒಳ್ಳೆಯದೆ? ಗೋಲ್ಡ್ ಫಿಶ್, ಗಪ್ಪಿ, ಮೋಲಿಗಳ ಮಟ್ಟಿಗೆ ಹೌದು ಎನ್ನುತ್ತೇನೆ. ಬ್ಯಾಕ್ಟೀರಿಯಾ ಅದರಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವು ನೆಲೆಗೊಳ್ಳುವ ಮೊದಲ ನಾಲ್ಕರಿಂದ ಆರು ವಾರ ಮಾತ್ರ ಗಂಡಾಂತರ. ನಲ್ಲಿಯಲ್ಲಿ ಬರುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇನ್ನೂ ಹದ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ಇಟ್ಟು ಬಳಸಿ. ಗದ್ದೆಯ ಬಸಿಗಾಲುವೆಯ ನೀರನ್ನು ಮಾತ್ರ ಮುಟ್ಟಬೇಡಿ. ಭತ್ತಕ್ಕೆ ಎರಚಿದ ಯೂರಿಯಾ ಕರಗಿ ಅಮೋನಿಯಾ ಆಗುವುದು ಅಲ್ಲೇ.

ಅಲಂಕಾರದ ಕಲ್ಲಿನ ವಿಷಯವೂ ಇದೆ. ಎರೆಭೂಮಿಯ ಹಳ್ಳಗಳಲ್ಲಿ ಸಿಗುವ ಬಿಳಿ ಸುಣ್ಣಕಲ್ಲು ಪಿಎಚ್ ಏರಿಸುತ್ತದೆ. ಲಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಆ ಕಲ್ಲು ಬೇಡ. ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ ಇರುವಂಥ ಗಟ್ಟಿ ಬಂಡೆಯ ಜಾತಿಯ ಕಲ್ಲು ನೀರನ್ನು ಕೆಡಿಸುವುದಿಲ್ಲ. (ಆ ಗುಡ್ಡದಿಂದಲೇ ತರಬೇಡಿ ಎಂದು ಬೇರೆ ಹೇಳಬೇಕೆ?)

ಬ್ಯಾಕ್ಟೀರಿಯಾ ಎಂದೆ. ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಅವುಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ. ಅಮೋನಿಯಾ ತಿನ್ನುವ ಇನ್ನೊಂದು ಕುಲದ ಜೀವಿ, ಆರ್ಕಿಯಾ, 2005ರಲ್ಲಿ ಮೊದಲ ಸಲ ಪ್ರಯೋಗಾಲಯದಲ್ಲಿ ಬೆಳೆದದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಒಂದು ತೊಟ್ಟಿಯ ಜಲ್ಲಿಯಿಂದ. ನಾವು ಹಬ್ಬಕ್ಕೆ ಮೊದಲು ಸೋಸುಗದ ಸ್ಪಂಜು, ಜಲ್ಲಿ, ಗಾಜು ಎಲ್ಲವನ್ನೂ ನಲ್ಲಿಯಡಿ ತಿಕ್ಕಿ ತೊಳೆದು ಇಂಥವನ್ನೇ ಚರಂಡಿಗೆ ಕಳಿಸುತ್ತೇವೆ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿದರೆ ಸಾಕು.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ, ಕಿವಿರು ಕೆಂಪಾಗಿದೆ ಎಂದರೆ ಮೊದಲು ಪಿಎಚ್ ನೋಡಿ, ಆಮೇಲೆ ಅಮೋನಿಯಾ. ಪಿಎಚ್ ಏಳರ ಮೇಲಿದ್ದರೆ ಅದೇ ಬಿಸಿಯ ಅದೇ ಬಗೆಯ ನೀರಿನಿಂದ ಮೂರನೇ ಒಂದು ಭಾಗ ಈಗಲೇ ಬದಲಿಸಿ, ನಾಳೆ ಇನ್ನೊಮ್ಮೆ. ಏಳಕ್ಕಿಂತ ಕೆಳಗಿದ್ದರೆ ಅವಸರ ಬೇಡ: ದಿನಕ್ಕೆ ಒಂದೊಂದು ಚೊಂಬು ಬೋರಿನ ನೀರು ಬೆರೆಸಿದ ಕ್ಯಾನ್ ನೀರು ಹಾಕುತ್ತ ಅಮೋನಿಯಾ ಇಳಿಸಿ. ಎರಡು ದಿನ ಉಪವಾಸ ಮೀನಿಗೆ ಏನೂ ಮಾಡುವುದಿಲ್ಲ. ಗಾಳಿಯ ಪಂಪ್ ನಿಲ್ಲದಿರಲಿ, ಕರೆಂಟ್ ಹೋದಾಗ ಚೊಂಬಿನಿಂದ ನೀರು ಎತ್ತಿ ಸುರಿದರೂ ಸರಿ. ಕಲ್ಲುಪ್ಪು ಎಲ್ಲ ರೋಗಕ್ಕೂ ಮದ್ದೆಂಬ ನಂಬಿಕೆಯಿದೆ. ಅದು ನೈಟ್ರೈಟ್ ವಿಷಕ್ಕೆ ಕೆಲಸ ಮಾಡುತ್ತದೆ, ಅಮೋನಿಯಾಕ್ಕಲ್ಲ. ಮೀನುಹೊಂಡದವರು ಬಳಸುವ ಜಿಯೋಲೈಟ್ ಅಮೋನಿಯಾ ಹೀರುತ್ತದೆ, ಆದರೆ ಗಡಸು ನೀರಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಆ ಕೆಲಸಕ್ಕೆ ನನ್ನ ಮೆಚ್ಚುಗೆ ಟ್ಯಾಂಕಿನೊಳಗೆ ಬೇರು ಇಳಿಬಿಟ್ಟ ಮನಿ ಪ್ಲ್ಯಾಂಟಿಗೆ.

ಬೇಸಿಗೆಯಲ್ಲಿ ಮುಚ್ಚಳ ತೆಗೆದು ಜಾಲರಿ ಹಾಕಿ, ಸಣ್ಣ ಫ್ಯಾನನ್ನು ನೀರಿನ ಮೇಲೆ ಬೀಸಿಸಿ. ನಮ್ಮ ಒಣಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಮಾತ್ರ ಕ್ಯಾನ್ ನೀರಿನಿಂದ ತುಂಬಿ. ಆರ್‌ಓ ನೀರಿಗೆ ಟ್ಯಾಂಕಿನಲ್ಲಿ ದಿನನಿತ್ಯದ ತಕ್ಕ ಕೆಲಸ ಅದೊಂದೇ. ಇನ್ನು ಹೊಸ ಟ್ಯಾಂಕ್ ಇಡುವವರು ದೀಪಾವಳಿ ಕಳೆದ ಮೇಲೆ, ಗೆಳೆಯರ ಹಳೆಯ ಟ್ಯಾಂಕಿನ ಒಂದು ತುಂಡು ಸ್ಪಂಜು ಬೇಡಿ ತಂದು, ಎರಡೇ ಮೀನಿನಿಂದ ಶುರು ಮಾಡಿ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ಎಷ್ಟೇ ಹಟ ಹಿಡಿದರೂ ಬೇಡ.