ಮಿಣುಕು ಓದುವ ಕಸುಬು
ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವನ್ನು 1947ರಲ್ಲಿ ಕಟ್ಟಿದವರು ವಿಕ್ರಮ್ ಸಾರಾಭಾಯಿ. ಅದರ 1.2 ಮೀಟರ್ ದೂರದರ್ಶಕ ಇರುವುದು ಮಾತ್ರ ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ. ಅದು ನೋಡಿದ ಗೆಲಾಕ್ಸಿಗಳಲ್ಲಿ ಓಜೆ 287 ನನಗೆ ಅಚ್ಚುಮೆಚ್ಚು.

ಆ ದೂರದರ್ಶಕದ ಕನ್ನಡಿಗೆ ಅದು ಬರೀ ಚುಕ್ಕಿ. ಆದರೆ ಸುಮಾರು 12 ವರ್ಷಕ್ಕೊಮ್ಮೆ ಜೋಡಿಯಾಗಿ ಭುಗಿಲೇಳುತ್ತದೆ. ಅದರ ನಡುವಿನ ದೊಡ್ಡ ಕಪ್ಪುಕುಳಿಯ ಸುತ್ತಲಿನ ಅನಿಲದ ತಟ್ಟೆಯನ್ನು ಸಣ್ಣ ಕಪ್ಪುಕುಳಿಯೊಂದು ಪ್ರತಿ ಸುತ್ತಿನಲ್ಲೂ ಎರಡು ಸಲ ತೂರಿ ಹಾಯುತ್ತದೆ ಎಂಬುದು ಹೆಸರಾದ ವಿವರಣೆ. (ಎಲ್ಲರೂ ಒಪ್ಪಿಲ್ಲ, ಇರಲಿ.)

ಈ ಭುಗಿಲನ್ನು ಗುರುತಿಸುವ ಕೈಚಳಕ ಇರುವುದು ಬೆಳಕು ತೂಗುವುದರಲ್ಲಿ. ಗೆಲಾಕ್ಸಿಯ ಚಿತ್ರದಲ್ಲೇ ಇರುವ, ಬೆಳಕು ಬದಲಾಗದ ನಕ್ಷತ್ರಗಳೇ ತೂಕದ ಬಟ್ಟು. ತೆಳುಮೋಡ ಹಾದರೆ ಎಲ್ಲವೂ ಮಂಕು. ಗೆಲಾಕ್ಸಿಯೊಂದೇ ಮಂಕಾದರೆ ಅದು ಸುದ್ದಿ. ಹಳೆಯ ಮಿಣುಕನ್ನೂ ಓದಬಹುದು: 19ನೆಯ ಶತಮಾನದ ಗಾಜಿನ ಫೋಟೋ ಫಲಕಗಳಲ್ಲೂ ಓಜೆ 287ರ ಚುಕ್ಕಿ ಇದೆ.