ಡ್ಯಾಫೊಡಿಲ್ ಪದ್ಯದ ಒಳಗಣ್ಣು

ವರ್ಡ್ಸ್‌ವರ್ತನ ಡ್ಯಾಫೊಡಿಲ್ ಪದ್ಯವನ್ನು ಶಾಲೆಯಲ್ಲಿ ಉರು ಹೊಡೆದವರು ನಮ್ಮಲ್ಲಿ ಬೇಕಾದಷ್ಟು ಜನ. ಸಾರಾಂಶ ಕೇಳಿದರೆ ‘ಕವಿ ಪ್ರಕೃತಿಯ ಸೊಬಗನ್ನು ಬಣ್ಣಿಸಿದ್ದಾನೆ’ ಎಂದು ಮುಗಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪದ್ಯ ಮುಗಿಯುವ ಹೊತ್ತಿಗೆ ಕವಿ ಹೂವಿನ ಹತ್ತಿರ ಇಲ್ಲವೇ ಇಲ್ಲ. ಮನೆಯೊಳಗೆ ಸುಮ್ಮನೆ ಒರಗಿದ್ದಾನೆ. ಆಗ ಹೂವುಗಳು ಅವನ ಒಳಗಣ್ಣಿಗೆ ಮಿಂಚುತ್ತವೆ, ಆ ಕಣ್ಣೇ ಏಕಾಂತದ ಸುಖ ಎಂಬರ್ಥದ ಮಾತು ಬರುತ್ತದೆ. ಅರ್ಥ ಹುಡುಕಬೇಕಾದ್ದು ಅಲ್ಲಿ.

ಒಳಗಣ್ಣು ಎಂದ ಕೂಡಲೇ ನಮಗೆ ವಚನಕಾರರು, ಅನುಭಾವಿಗಳು ನೆನಪಾಗುತ್ತಾರೆ. ಸ್ವಲ್ಪ ತಡೆಯಿರಿ. ಈ ಕಣ್ಣು ಇಲ್ಲಿ ಪರವಸ್ತುವನ್ನೇನೂ ಕಾಣುತ್ತಿಲ್ಲ, ಹಿಂದೊಮ್ಮೆ ಕಂಡ ಹಳದಿ ಹೂವನ್ನೇ ಮತ್ತೆ ಕಾಣುತ್ತಿದೆ. ಇನ್ನೊಂದು ಸೂಕ್ಷ್ಮ: ಕವಿ ಹೂವನ್ನು ನೆನೆಸಿಕೊಳ್ಳುತ್ತಿಲ್ಲ, ಹೂವುಗಳೇ ಕರೆಯದೆ ಬರುತ್ತವೆ. ಕ್ರಿಯೆ ಅವುಗಳದು. ಅಲ್ಲಿಯವರೆಗೆ ಭೂತಕಾಲದಲ್ಲಿ ನಡೆದ ಪದ್ಯ ಕೊನೆಯ ನುಡಿಯಲ್ಲಿ ವರ್ತಮಾನಕ್ಕೆ ಹೊರಳುವುದೂ ಇದಕ್ಕೇ. ಹೂ ನೋಡಿದ್ದು ಒಂದು ಸಲ, ಮಿಂಚುವುದು ಮತ್ತೆ ಮತ್ತೆ.

ಈಗ ಮೊದಲ ಸಾಲಿಗೆ ಹಿಂದಿರುಗಿ. ಅಲ್ಲಿಯೂ ಕವಿ ಒಬ್ಬಂಟಿ, ಆದರೆ ಗೊತ್ತುಗುರಿಯಿಲ್ಲದೆ ಅಲೆಯುವ ಒಬ್ಬಂಟಿ. ಕೊನೆಯಲ್ಲಿ ಅದೇ ಒಂಟಿತನ ಸುಖವಾಗಿದೆ. ನಡುವೆ ಸಿಕ್ಕ ಸಂಪತ್ತು ಎಂಥದೆಂದು ನೋಡುವಾಗ ತನಗೆ ಹೊಳೆಯಲಿಲ್ಲ ಎಂದು ಕವಿಯೇ ಹೇಳಿಕೊಳ್ಳುತ್ತಾನೆ.

ನಿಜದಲ್ಲಿ ಅವನು ಒಬ್ಬಂಟಿಯಾಗಿರಲಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ತಂಗಿ ಡೊರೊತಿ ಜೊತೆಗಿದ್ದಳು. ಆ ದಿನದ ಬಿರುಗಾಳಿ, ದಣಿದವರಂತೆ ಕಲ್ಲಿಗೆ ತಲೆಯಾನಿಸಿದ ಹೂಗಳು, ಕುಣಿಯುತ್ತಿದ್ದ ಉಳಿದವು, ಎಲ್ಲ ಅವಳ ದಿನಚರಿಯಲ್ಲಿದೆ. ಪದ್ಯ ಹುಟ್ಟಿದ್ದು ಸುಮಾರು ಎರಡು ವರ್ಷ ಕಳೆದು, ಅಚ್ಚಾದದ್ದು 1807ರಲ್ಲಿ. ಅಣ್ಣ ಪದ್ಯದಿಂದ ತಂಗಿಯನ್ನೂ ದಣಿದ ಹೂಗಳನ್ನೂ ಕೈಬಿಟ್ಟ. ಸುಳ್ಳು ಹೇಳಿದ ಎನ್ನಬೇಡಿ. ಏಕಾಂತ ಬರಿದಾಗಿ ಮೊದಲಾಗದಿದ್ದರೆ ಕೊನೆಗೆ ತುಂಬುವುದಕ್ಕೆ ಏನಿರುತ್ತಿತ್ತು?

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಒಳಗಣ್ಣಿನ ಆ ಎರಡು ಸಾಲು ಹೆಂಡತಿ ಮೇರಿಯದು, ಪದ್ಯದಲ್ಲಿ ಅವೇ ಶ್ರೇಷ್ಠ ಎಂದು ವರ್ಡ್ಸ್‌ವರ್ತನೇ ಒಪ್ಪಿಕೊಂಡಿದ್ದಾನೆ. ಮೇರಿ ಆ ದಿನ ಸರೋವರದ ಬಳಿ ಇರಲೇ ಇಲ್ಲ; ಅವರ ಮದುವೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಡ್ಯಾಫೊಡಿಲ್ ಹೂವನ್ನೇ ಕಾಣದ ನಮ್ಮ ಕಡೆಯ ಓದುಗರು ಹಾಗಾಗಿ ಸಂಕೋಚಪಡಬೇಕಿಲ್ಲ. ದೀರ್ಘ ಚಳಿಗಾಲ ಮುಗಿಯುತ್ತಲೇ ನೆಲದಿಂದೇಳುವ ಗಿಡ್ಡ ಹಳದಿ ಹೂ ಎಂದು ತಿಳಿದರೆ ಸಾಕು.

ಗೆಳೆಯ ಕೋಲ್‌ರಿಜ್‌ಗೆ ಮಾತ್ರ ಈ ಸಾಲು ರುಚಿಸಲಿಲ್ಲ. ಇಡೀ ಬದುಕಿನ ಸಿಂಹಾವಲೋಕನಕ್ಕೆ ಒಪ್ಪುವಷ್ಟು ದೊಡ್ಡ ಮಾತಾಡಿ, ಮರುಗಳಿಗೆಯೇ ಹೂಗಳೊಡನೆ ಕುಣಿಯುವುದೆಂದರೆ ದೊಪ್ಪನೆ ಕೆಳಗೆ ಬಿದ್ದಂತೆ ಎಂಬ ಆಕ್ಷೇಪವನ್ನು 1817ರ ‘ಬಯೋಗ್ರಾಫಿಯಾ ಲಿಟರೇರಿಯಾ’ದಲ್ಲಿ ಎತ್ತಿದ. ಬಲ್ಲವನ ಮಾತು, ತಳ್ಳಿಹಾಕುವಂತಿಲ್ಲ. ಆದರೂ ನನಗೆ ಆ ಬೀಳುವಿಕೆಯೇ ಇಷ್ಟ. ಕುಣಿತ ಬಾರದೆ ಒಳಗಣ್ಣಿನಲ್ಲೇ ಪದ್ಯ ನಿಂತಿದ್ದರೆ ಅದು ಉಪದೇಶವಾಗುತ್ತಿತ್ತು.

ಇದನ್ನು ಓದಿದ ಮೇಲೆ 1798ರ ‘ಟಿಂಟರ್ನ್ ಅಬ್ಬೆ’ ಕವಿತೆಗೆ ಹೋಗಿ. ಐದು ವರ್ಷದ ಹಿಂದೆ ಕಂಡ ನದಿ ಪಟ್ಟಣದ ಗದ್ದಲದ ನಡುವೆ ಹೇಗೆ ಆಸರೆಯಾಯಿತು ಎಂದು ಅಲ್ಲಿ ಬಿಡಿಸಿ ಹೇಳಿದ್ದಾನೆ. ಕೊನೆಯಲ್ಲಿ, ಇಲ್ಲಿ ಕಾಣೆಯಾದ ತಂಗಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮಾತಾಡಿಸುತ್ತಾನೆ.